ತಾಯಿ ಕಡೆಯ ರಕ್ತ

ಹಜಾಮ ಮರ್ದಾನಸಾಬ ಕತ್ತಿಯನ್ನು ತೊಗಲಿನ ಪಟ್ಟಿಗೆ ಎರಡು ಸಲ ಎಳೆದು ಅಲಗು ನೋಡುವಷ್ಟರಲ್ಲಿ ಲಾಲಬೀ ಒಳಮನೆಯಿಂದ ಬಂದವಳೇ, ಹೂವಿನ ಹಾರ ಹಾಕಿಕೊಂಡು ಮಣೆಯ ಮೇಲೆ ಕೂತಿದ್ದ ಮೊಮ್ಮಗನನ್ನು ಎತ್ತಿ ಬಗಲಿಗೆ ಹಾಕಿಕೊಂಡಳು.

"ಈ ಹುಡುಗಗ ಕತ್ತಿ ಹಚ್ಚಬ್ಯಾಡ್ರಿ," ಎಂದಳು.

ಜರ್ಮನಿ ಯುದ್ಧ ಶುರುವಾದ ವರ್ಷದ ಮಾತು. ಯಲಬುರ್ಗಾದ ಆ ಪಡಸಾಲೆಯಲ್ಲಿ ಹುಡುಗನ ಖತ್ನಾಕ್ಕೆ, ಅಂದರೆ ಸುನ್ನತಿಗೆಂದು, ಸೇರಿದ್ದ ಗಂಡಸರೆಲ್ಲ ಕತ್ತೆತ್ತಿ ಅವಳನ್ನು ನೋಡಿದರು. ಅಳಿಯ ಶಫೀಸಾಬನ ಎದುರು ಹತ್ತು ವರ್ಷದಲ್ಲಿ ಒಮ್ಮೆಯೂ ಸೆರಗು ಸರಿಸಿ ಮಾತಾಡಿದ ಹೆಂಗಸಲ್ಲ ಅವಳು. ಶಫೀಸಾಬನ ಮುಖ ಕೆಂಪಾಯಿತು.

"ಅತ್ತೀ, ಹುಡುಗನ್ನ ಇಳಸ್ರಿ. ಮೊದಲನೇವನ ಹೊತ್ತಿನ್ಯಾಗ ಹಜಾಮನ ಕೈ ಕೆಟ್ಟಿತ್ತು. ಅದಕ್ಕ ಈ ಸಲ ಇವರನ್ನ ಗಂಗಾವತಿಯಿಂದ ಕರಿಸೀನಿ. ಸಾವಿರ ಹುಡುಗರನ್ನ ನೋಡಿದ ಕೈ ಇವರದು."

ಮೂರು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಮಗಳು ನಸೀಮಾಬಿಯ ಚೊಚ್ಚಲ ಮಗನ ಖತ್ನಾ ಆಗಿತ್ತು. ಗಾಯ ಮೂರು ದಿನ ಒಸರಿತು. ಬೂದಿ ಒತ್ತಿದರು, ಅರಿಶಿನ ಒತ್ತಿದರು, ದರ್ಗಾದ ದಾರ ಕಟ್ಟಿದರು. ನಾಲ್ಕನೆಯ ಬೆಳಗ್ಗೆ ಹುಡುಗ ಬೆಳ್ಳಗೆ ಬಿಳಿಚಿಕೊಂಡು ಕಣ್ಣು ಮುಚ್ಚಿದ. ಊರು ಆ ಹಜಾಮನನ್ನು ಬೈದು ಸುಮ್ಮನಾಯಿತು. ಲಾಲಬೀ ಸುಮ್ಮನಾಗಲಿಲ್ಲ. ಕುಷ್ಟಗಿಯ ತನ್ನ ಮನೆಯಲ್ಲಿ ಜೋಳ ಬೀಸುವಾಗ, ರೊಟ್ಟಿ ಬಡಿಯುವಾಗ, ತನ್ನ ಬಳಗದಲ್ಲಿ ಸತ್ತ ಹುಡುಗರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲಿ ಕರೆದು ಎದುರಿಗೆ ನಿಲ್ಲಿಸಿಕೊಂಡು ನೋಡಿದಳು. ಕಂಡದ್ದನ್ನು ಬಾಯಿಬಿಟ್ಟರೆ ಮಗಳ ಬಾಳು ಏನಾದೀತೋ ಎಂಬ ಅಂಜಿಕೆಗೆ ಇಷ್ಟು ದಿನ ತುಟಿ ಬಿಗಿಹಿಡಿದಿದ್ದಳು.

"ಕೈ ಕೆಟ್ಟಿರಲಿಲ್ರಿ," ಎಂದಳು. "ನನ್ನ ತಮ್ಮ ಕುಷ್ಟಗ್ಯಾಗ ಖತ್ನಾದಾಗ ಸತ್ತ. ನನ್ನ ತಂಗಿ ಮಗ ಕೊಪ್ಪಳದಾಗ ಹಲ್ಲು ಕೀಳಿಸಿಕೊಂಡು ಸತ್ತ. ನಿಮ್ಮ ಮಗ ಇಲ್ಲೆ ಸತ್ತ. ಊರು ಬ್ಯಾರೆ, ಕೈ ಬ್ಯಾರೆ, ಕತ್ತಿ ಬ್ಯಾರೆ. ನಿಲ್ಲದ ರಕ್ತ ಒಂದ."

"ಹಂಗಾರ ನಿಮ್ಮ ಮಗನ ಮೂರೂ ಹುಡುಗರಿಗೆ ಖತ್ನಾ ಆತಲ್ಲ? ವಾರದಾಗ ಓಡ್ಯಾಡಿದ್ವು!" ಎಂದ ಶಫೀಸಾಬ.

"ಹೌದು. ಅದನ್ನ ನಾನೂ ಕೇಳಿಕೊಂಡೆ. ನನ್ನ ಮಗನ ಪಾಲಿಗೆ ಇದು ಬರಲಿಲ್ಲ, ಅದಕ್ಕ ಅವನ ಮಕ್ಕಳಿಗೂ ಇಲ್ಲ. ಇದು ಬರೂದು ಹೆಣ್ಣಮಕ್ಕಳ ಹೊಟ್ಟಿಯಿಂದ. ನಮಗೇನೂ ಆಗೂದಿಲ್ಲ. ನಮ್ಮ ಗಂಡಮಕ್ಕಳದಾಗ ಯಾವನ ಪಾಲಿಗೆ ಬಂತೋ ಅವನ್ನ ಒಯ್ತೈತಿ. ನಮ್ಮವ್ವ ನನಗ ಕೊಟ್ಟಳು, ನಾ ನಸೀಮಾಗ ಕೊಟ್ಟೆ. ಆಕೀನ್ನ ಬಿಡಬೇಕು ಅನ್ನಿಸಿದ್ರ ಬಿಡ್ರಿ, ಕರಕೊಂಡು ಹೋಗ್ತೀನಿ. ಈ ಕೂಸನ್ನ ಮಾತ್ರ ಕೊಡೂದಿಲ್ಲ."

ಬಾಗಿಲ ಮರೆಯಲ್ಲಿ ನಸೀಮಾಬಿ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಮರ್ದಾನಸಾಬ ಕತ್ತಿ ಕೆಳಗಿಟ್ಟು ಎದ್ದುಬಂದು, ಲಾಲಬೀಯ ಬಗಲಲ್ಲಿದ್ದ ಹುಡುಗನ ಲುಂಗಿ ಸರಿಸಿದ. ಮೊಣಕಾಲು ಬಾತು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಎಲ್ಲಿ ಬಿದ್ದಿದ್ದೆಪಾ?"

"ಬಿದ್ದಿಲ್ಲ. ಕಟ್ಟಿ ಏರೂಮುಂದ ಒಂಚೂರು ತಾಕಿತ್ತು," ಎಂದ ಹುಡುಗ. "ಹ್ವಾದ ಶುಕ್ರವಾರ."

ಒಂಚೂರು ತಾಕಿದ್ದಕ್ಕೆ ಇಷ್ಟು ದಿನವಾದರೂ ಬಾವು ಇಳಿಯದ ಆ ಮೊಣಕಾಲನ್ನು ಮುದುಕ ಮರ್ದಾನಸಾಬ ಮೆಲ್ಲಗೆ ಮುಟ್ಟಿ ನೋಡಿದ. ಆಮೇಲೆ ಹೋಗಿ ಕತ್ತಿ ಮಡಚಿ ಚೀಲಕ್ಕೆ ಹಾಕಿದ.

"ನನ್ನ ಕೈಯಾಗೂ ಇಬ್ಬರು ಹಿಂಗ ಹೋಗ್ಯಾರ್ರಿ. ಇಬ್ಬರೂ ಅಕ್ಕತಂಗೇರ ಮಕ್ಕಳು. ನನ್ನ ಕೈಯಾಗ ಪಾಪ ಐತಿ ಅಂತ ಇಪ್ಪತ್ತು ವರ್ಷ ನಿದ್ದಿಗೆಟ್ಟೀನಿ. ಇವತ್ತ ಈ ಅಮ್ಮ ನನ್ನ ಬಿಡಿಸಿದ್ಲು."

ಎಲ್ಲರೂ ಗೋಡೆಗೊರಗಿ ಕೂತಿದ್ದ ಊರ ಮೌಲ್ವಿಗಳ ಕಡೆ ತಿರುಗಿದರು. ಅವರು ಗಡ್ಡ ನೀವಿಕೊಂಡು, "ಜೀವಕ್ಕ ಅಪಾಯ ಇದ್ದಲ್ಲಿ ಖತ್ನಾ ಬಲವಂತ ಇಲ್ಲ. ಹುಡುಗ ಇದ್ದಂಗ ಇದ್ರೂ ಮುಸಲ್ಮಾನನ," ಎಂದುಬಿಟ್ಟರು.

ಶಫೀಸಾಬ ಅತ್ತೆಯ ಹತ್ತಿರ ಬಂದ. ಲಾಲಬೀ ಹುಡುಗನನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಕೊಡ್ರಿ ಅತ್ತೀ. ಮೆರವಣಿಗಿ ಹೊತ್ತಾತು." ಅವನ ಕಣ್ಣು ತುಂಬಿ ಬಂದಿತ್ತು. ಬಾಗಿಲ ಕಡೆ ಮುಖ ಮಾಡಿ, "ನಸೀಮಾ, ಯಾಕ ಅಳ್ತಿ? ಹೊರಗ ಬಂದು ನಿನ್ನ ಮಗನ್ನ ನೋಡು!" ಎಂದು ಕೂಗಿದ.

ಅಂಗಳದಲ್ಲಿ ಖತ್ನಾದ ಮೆರವಣಿಗೆಗೆಂದು ಜೂಲು ಹೊದಿಸಿದ ಕುದುರೆ ಕಾದಿತ್ತು. ಯಾರೋ ಹುಡುಗನನ್ನು ಅದರ ಮೇಲೆ ಕೂಡಿಸಲು ಕೈ ಚಾಚಿದರು. "ಬ್ಯಾಡ, ಬಿದ್ದಗಿದ್ದಾನು," ಎಂದವನೇ ಶಫೀಸಾಬ ಮಗನನ್ನು ತನ್ನ ಹೆಗಲ ಮೇಲೆ ಕೂಡಿಸಿಕೊಂಡ. ಮುಂದೆ ಬಾಜಾ, ನಡುವೆ ತಂದೆ ಮಗ, ಹಿಂದೆ ಖಾಲಿ ಕುದುರೆ. ಲಾಲಬೀ ಮಗಳ ಕೈ ಹಿಡಿದು, ಮುಸುಕಿಲ್ಲದೆ, ಊರ ನಡುಬೀದಿಯಲ್ಲಿ ನಡೆದಳು.

ಬಜಾರಿನಲ್ಲಿ ಅಂಗಡಿಯವನೊಬ್ಬ ಕೇಳಿದ: "ಏನ್ ಶಫೀಸಾಬ, ಖತ್ನಾ ಆತೇನು?"

"ಇಲ್ಲ!" ಬಾಜಾದ ಸದ್ದನ್ನೂ ಮೀರಿಸಿ ಶಫೀಸಾಬ ಕೂಗಿದ. "ಮಗ ಉಳದಾನ!"