ಎಡಗಡೆಯ ಇಂಜಿನ್

"ಮೊದಲ ಸಲ ಇದು ನಿಮ್ಮ ಕೈಯಿಂದಲೇ ಮೇಲೇಳಬೇಕು ಸಾರ್," ಎನ್ನುತ್ತ ಮೇಸ್ತ್ರಿ ರಿಮೋಟನ್ನು ಕ್ಯಾಪ್ಟನ್ನರ ಕೈಯಲ್ಲಿ ಇಟ್ಟೇಬಿಟ್ಟ. ಬೇಡ ಅನ್ನುವ ಹಾಗಿರಲಿಲ್ಲ. ನಿವೃತ್ತರಾದ ಮೇಲೆ ಭಾನುವಾರ ಭಾನುವಾರ ಈ ಮೈದಾನಕ್ಕೆ ಬಂದು ಮಾಡೆಲ್ ವಿಮಾನ ಹಾರಿಸುವ ಚಟ ಹತ್ತಿಸಿಕೊಂಡವರು ಅವರೇ ತಾನೆ. ಆದರೆ ಇವತ್ತು ಹುಲ್ಲಿನ ಮೇಲೆ ನಿಂತಿದ್ದದ್ದು ಒಂದು ಕಾಲಕ್ಕೆ ಅವರೇ ಓಡಿಸುತ್ತಿದ್ದ ಅದೇ ವಿಮಾನ. ನೆತ್ತಿಯ ಮೇಲೆ ಉದ್ದನೆಯ ರೆಕ್ಕೆ, ರೆಕ್ಕೆಗೆ ಎರಡು ಇಂಜಿನ್, ಪೆಟ್ಟಿಗೆಯಂಥ ಹೊಟ್ಟೆ. ಅಂಚೆ ಚೀಲ, ಔಷಧಿ, ಹೆರಿಗೆಗೆ ಹೊರಟ ಹೆಂಗಸು, ಏನು ಹೇರಿದರೂ ಒಲ್ಲೆನೆನ್ನದೆ ಹೊತ್ತು ಹಾರುತ್ತಿದ್ದದ್ದು ಈಗ ಎರಡು ತೋಳಿನಲ್ಲಿ ಎತ್ತಿಕೊಳ್ಳುವಷ್ಟಾಗಿತ್ತು. ಆಗ ಅದರ ರಿಪೇರಿ ನೋಡಿಕೊಳ್ಳುತ್ತಿದ್ದ ಮೇಸ್ತ್ರಿಯೇ ಇದನ್ನೂ ಮಾಡಿದ್ದು; ಬಾಲದ ಮೇಲಿನ ನಂಬರನ್ನೂ ಪುಣ್ಯಾತ್ಮ ಬಿಟ್ಟಿರಲಿಲ್ಲ.

"ಆರು ತಿಂಗಳಿಂದ ಊಟದ ಮೇಜು ನಮ್ಮದಲ್ಲ ಅಂಕಲ್," ಎಂದಳು ಮೇಸ್ತ್ರಿಯ ಮಗಳು. "ತಟ್ಟೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತು ಉಣ್ತೀವಿ. ರೆಕ್ಕೆಗೆಲ್ಲಿ ಜಿಡ್ಡು ತಾಗುತ್ತೋ ಅಂತ ಅಪ್ಪನಿಗೆ ಜೀವದಲ್ಲಿ ಜೀವಾನೇ ಇಲ್ಲ."

"ಸುಮ್ನಿರೆ ನೀನು," ಎಂದು ಮೇಸ್ತ್ರಿ ರಿಮೋಟಿನ ಕಡೆ ಬೆರಳು ತೋರಿಸಿದ. "ನೋಡಿ ಸಾರ್, ಬೇರೆಯವರ ಮಾಡೆಲ್‌ನಲ್ಲಿ ಎರಡಕ್ಕೂ ಒಂದೇ ಲಿವರ್. ನಾನು ಬೇರೆ ಬೇರೆ ಇಟ್ಟಿದೀನಿ. ಎಡಗಡೇದು ಎಡ ಇಂಜಿನ್‌ಗೆ, ಬಲಗಡೇದು ಬಲಕ್ಕೆ. ಥೇಟ್ ನಮ್ಮ ವಿಮಾನದ ಹಾಗೇ." ಆಮೇಲೆ ದನಿ ತಗ್ಗಿಸಿದ. "ಆವತ್ತು ನಾನೇನು ತಪ್ಪು ಮಾಡ್ದೆ ಅಂತ ಇವತ್ತಿಗೂ ಗೊತ್ತಾಗಿಲ್ಲ ಸಾರ್. ನಿಮ್ಮ ಜೀವಕ್ಕೇ ಕುತ್ತು ತಂದುಬಿಟ್ಟೆ. ಇದನ್ನ ನೋಡಿಯಾದ್ರೂ ಹೊಟ್ಟೆಗೆ ಹಾಕ್ಕೊಳ್ಳಿ."

ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಕ್ಯಾಪ್ಟನ್ನರಿಗೆ. ಹದಿನೆಂಟು ವರ್ಷದ ಹಿಂದೆ ಗಾಳಿಯಲ್ಲಿ ಕೆಟ್ಟು ನಿಂತದ್ದು ಬಲಗಡೆಯ ಇಂಜಿನ್ ಒಂದೇ. ಇನ್ನೊಂದರ ಮೇಲೆ ಆರಾಮಾಗಿ ಇಳಿಸಬಹುದಿತ್ತು. ಕೆಟ್ಟದ್ದರ ಲಿವರ್ ಎಳೆದು ಅದನ್ನು ಪೂರ್ತಿ ಬಂದ್ ಮಾಡುವ ಅವಸರದಲ್ಲಿ ಅವರ ಕೈ ಎಳೆದದ್ದು ಎಡಗಡೆಯ ಲಿವರನ್ನು, ನೆಟ್ಟಗೆ ಓಡುತ್ತಿದ್ದುದನ್ನು. ವಿಮಾನ ಹೊಲಕ್ಕೆ ಬಿದ್ದು ರೆಕ್ಕೆ ಮುರಿಯಿತು. ಜನ ಓಡಿಬರುವ ಮೊದಲು ಕ್ಯಾಪ್ಟನ್ ಮಾಡಿದ ಕೆಲಸ ಒಂದೇ, ಆ ಲಿವರನ್ನು ಮತ್ತೆ ಮುಂದಕ್ಕೆ ತಳ್ಳಿದ್ದು. ಎರಡೂ ಒಟ್ಟಿಗೆ ನಿಂತವು ಅಂದರು, ವಿಚಾರಣೆಯವರು ನಂಬಿದರು. ಆ ಬೆಳಗ್ಗೆ ಎರಡೂ ಇಂಜಿನ್‌ಗಳ ಇಂಧನದ ಫಿಲ್ಟರ್ ಬದಲಿಸಿ ಸಹಿ ಹಾಕಿದ್ದವನು ಮೇಸ್ತ್ರಿ. ಅವನ ಲೈಸೆನ್ಸೂ ಹೋಯಿತು, ಕೆಲಸವೂ ಹೋಯಿತು. ಅಂದಿನಿಂದ ಮಿಕ್ಸಿ, ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದಾನೆ. ಕ್ಯಾಪ್ಟನ್ನರಿಗೆ ಮಾತ್ರ ಪ್ರಯಾಣಿಕರ ಜೀವ ಉಳಿಸಿದರೆಂದು ಮೆಚ್ಚುಗೆಯ ಪತ್ರ ಬಂತು. ಅದು ಬೀರುವಿನಲ್ಲಿ ಬಟ್ಟೆಗಳ ಅಡಿಯಲ್ಲಿದೆ.

ಇವತ್ತು ಹೇಳಿಯೇ ತೀರಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಅವರು ಮನೆ ಬಿಟ್ಟಿದ್ದರು. "ಮೇಸ್ತ್ರಿ, ಒಂದು ಮಾತು..."

"ಮಾತೆಲ್ಲ ಆಮೇಲೆ ಸಾರ್. ಗಾಳಿ ಜೋರಾಗೋದ್ರೊಳಗೆ ಹಾರಿಸಿಬಿಡಿ."

ಪುಕ್ಕಲನಿಗೆ ಇಷ್ಟು ನೆವ ಸಿಕ್ಕಿದರೆ ಕೇಳಬೇಕೆ? ಎರಡೂ ಲಿವರ್ ಮೇಲಕ್ಕೆ ತಳ್ಳಿದರು. ವಿಮಾನ ಹುಲ್ಲಿನ ಮೇಲೆ ಕುಲುಕಿಕೊಂಡು ಓಡಿ ಮೇಲೆದ್ದಿತು. ಎಂಥ ಹಾರಾಟ ಅದು! ಮಗಳು ವಿಡಿಯೊ ತೆಗೆಯುವುದನ್ನೇ ಮರೆತಳು. ಎರಡು ಸುತ್ತು ಮುಗಿಸಿ ಮೂರನೆಯದಕ್ಕೆ ಆಚೆ ಹೊರಟಿದ್ದಾಗ ಬಲಗಡೆಯ ಪ್ರೊಪೆಲ್ಲರ್ ನಿಂತಿತು, ಮೂತಿ ಬಲಕ್ಕೆ ಎಳೆಯಿತು.

"ಗಾಬರಿ ಬೇಡ ಸಾರ್, ಒಂದರಲ್ಲೇ ಬರುತ್ತೆ," ಎಂದ ಮೇಸ್ತ್ರಿ. ಅದು ಕ್ಯಾಪ್ಟನ್ನರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರ ಬೆರಳು ಹೋಗಿ ಎಳೆದದ್ದು ಎಡಗಡೆಯ ಲಿವರನ್ನೇ. ಹದಿನೆಂಟು ವರ್ಷ ಕನಸಿನಲ್ಲಿ ಅದನ್ನೇ ಎಳೆಯುತ್ತ ಬಂದ ಬೆರಳು. ಸದ್ದು ಪೂರ್ತಿ ಅಡಗಿತು, ವಿಮಾನ ಓಲಾಡಿಕೊಂಡು ಹುಲ್ಲಿಗೆ ಬಿತ್ತು.

ಮೇಸ್ತ್ರಿ ಓಡಿಹೋಗಿ ಅದನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ಬಂದ. ಬಲ ರೆಕ್ಕೆ ಮುರಿದು ಜೋತಾಡುತ್ತಿತ್ತು. ಆರು ತಿಂಗಳ ಕೆಲಸ ಹಾಗಾದರೂ ಅವನ ಮುಖದಲ್ಲಿ ಸಿಟ್ಟಿಲ್ಲ, ಬರೀ ನಾಚಿಕೆ. "ಕ್ಷಮಿಸಿ ಸಾರ್. ಬಲದ ವೈರು ಕಿತ್ತು ಬಂದಿದೆ, ಬೆಸುಗೆ ಸರಿಯಾಗಿ ಹಿಡಿದಿಲ್ಲ. ಎಡದ್ದಕ್ಕೂ ಹಾಗೇ ಆಗಿರ್ಬೇಕು. ಆವತ್ತಿನ ಹಾಗೇ ಎರಡೂ ಒಟ್ಟಿಗೆ. ನನ್ನ ಕೈಯಲ್ಲೇ ಏನೋ ದೋಷ ಇದೆ."

"ಹಾಗೆಲ್ಲ ಅನ್ಬೇಡಪ್ಪ," ಎಂದಳು ಮಗಳು.

ಈಗಲಾದರೂ ಹೇಳಬೇಕಿತ್ತು. ಅಷ್ಟರಲ್ಲಿ ಮೇಸ್ತ್ರಿಯ ಕಣ್ಣು ರಿಮೋಟಿನ ಕಡೆ ಹೊರಳಿತು. ಎಡಗಡೆಯ ಲಿವರ್ ಕೆಳಗಿಳಿದು ಕೂತಿರುವುದು ಅವನಿಗೆಲ್ಲಿ ಕಾಣುವುದೋ ಎಂದು ಕ್ಯಾಪ್ಟನ್ ಬೆರಳ ತುದಿಯಿಂದ ಅದನ್ನು ಮೆಲ್ಲಗೆ ಮೇಲಕ್ಕೆ ತಳ್ಳಿದರು.

ಮೇಸ್ತ್ರಿಯ ತೋಳುಗಳ ನಡುವೆ ಎಡಗಡೆಯ ಪ್ರೊಪೆಲ್ಲರ್ ಗಿರ್ರೆಂದು ತಿರುಗತೊಡಗಿತು.

ಮಗಳು ಬೆಚ್ಚಿ ಹಿಂದೆ ಸರಿದಳು. ಮೇಸ್ತ್ರಿ ವಿಮಾನವನ್ನು ಮೈಯಿಂದ ದೂರ ಹಿಡಿದು, ಅದು ತಿರುಗುವುದನ್ನೇ ನೋಡುತ್ತ ನಿಂತ.

"ಇದು ಚೆನ್ನಾಗೇ ಇತ್ತಲ್ಲ ಸಾರ್," ಎಂದ. ಆಮೇಲೆ ತಲೆಯೆತ್ತದೆ ಕೇಳಿದ: "ಆವತ್ತೂ?"