ಸೋದರತ್ತೆಯ ಬೆನ್ನೆಲುಬು

ಮಂಡಿಯೂರಬಾರದೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ನಸ್ಸಾಲಿ ಅಣ್ಣನಿಗೆ ಮಂಡಿಯೂರಿಯೇ ಕೊಟ್ಟಳು. ಬೇರೆ ದಾರಿ ಇರಲಿಲ್ಲ. ಮಸಾಕಾ ಪಟ್ಟಣದ ಮರ್ಯಾದಸ್ಥರ ಮನೆಗಳಲ್ಲಿ ಹೆಣ್ಣು ನಿಂತುಕೊಂಡು ಅಣ್ಣನಿಗೆ ಏನನ್ನೂ ಕೊಡುವುದಿಲ್ಲ. ಕೆಟ್ಟ ಸುದ್ದಿಯನ್ನಂತೂ ಇಲ್ಲವೇ ಇಲ್ಲ.

ಸೆಮಂಡ ಸೋಫಾದಲ್ಲಿ ಒರಗಿ, ಚೀಟಿಯನ್ನು ದೂರ ಹಿಡಿದು ಓದಿದ. ಬರುವ ಶನಿವಾರ ಅವನ ಮಗಳು ನಲುಲೆಯ ನಿಶ್ಚಿತಾರ್ಥ. ಗಂಡಿನ ಕಡೆಯವರ ಮುಂದೆ ಹುಡುಗಿಯ ಸೋದರತ್ತೆ ಮಂಡಿಯೂರಿ, ಬಾಗಿ, ವಂದಿಸುತ್ತ ಹೋಗಬೇಕು. ಬರುವವರು ನೂರಿಪ್ಪತ್ತು ಜನ.

"ಮೈನಸ್ ಮೂರು ಅಂತ ಬರೆದಿದಾರೆ," ಎಂದ. "ಇಷ್ಟೇನಾ? ನೂರರಲ್ಲಿ ಮೂರು ಹೋದ್ರೆ ತೊಂಬತ್ತೇಳು ಉಳೀತಲ್ಲಮ್ಮ. ನನ್ನ ಮಗಳು ಅಷ್ಟು ತೆಗೆದಿದ್ರೆ ಅವಳೇ ಡಾಕ್ಟರ್ ಆಗಿರ್ತಿದ್ಳು."

"ಅದು ಆ ಲೆಕ್ಕ ಅಲ್ಲ, ಅಣ್ಣ. ಮೂಳೆ ಎಷ್ಟು ಗಟ್ಟಿ ಅನ್ನೋ ಅಳತೆ ಅದು. ಮೈನಸ್ ಎರಡೂವರೆಗೆ ಇಳಿದ್ರೇ ಮೂಳೆ ಟೊಳ್ಳು ಅಂತ. ಮುಟ್ಟು ನಿಂತು ಎಂಟು ವರ್ಷ ಆಯ್ತು ನೋಡಿ, ಮೂಳೆ ಕಾಯ್ತಿದ್ದ ಹಾರ್ಮೋನೂ ಅದರ ಹಿಂದೇನೇ ಹೋಯ್ತಂತೆ. ಬೆನ್ನೆಲುಬಲ್ಲಿ ಒಂದು ಮಣಿ ಆಗ್ಲೇ ಕುಸಿದಿದೆ. ಹೀಗೇ ಬಾಗ್ತಾ ಇದ್ರೆ ಪಕ್ಕದ್ದೂ ಹೋಗುತ್ತೆ ಅಂದ್ರು."

ಮುಟ್ಟು ಎಂಬ ಮಾತು ಕಿವಿಗೆ ಬಿದ್ದೊಡನೆ ಸೆಮಂಡ ಕಿಟಕಿಯಾಚೆಯ ಬಾಳೆಗಿಡಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಈ ಮನೆಯಲ್ಲಿ ಆ ವಿಷಯಕ್ಕೆ ಇದ್ದದ್ದು ಒಂದೇ ಹೆಸರು, ಮಲೇರಿಯಾ. ಮುಟ್ಟು ನಿಲ್ಲುವ ಕಾಲಕ್ಕೆ ನಸ್ಸಾಲಿಗೆ ಮೊದಲ ಸಲ ಮೈ ಬಿಸಿಯೇರಿ ಬೆವರು ಕಿತ್ತುಕೊಂಡು ಬಂದಾಗ ಮಲೇರಿಯಾ, ಎರಡನೆಯ ಸಲವೂ ಮಲೇರಿಯಾ. ನಾಲ್ಕು ಸಲ ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ನಾಲ್ಕು ಸಲವೂ ಮಾತ್ರೆ ನುಂಗಿಸಿದರು. ಸೊಳ್ಳೆಗಳಿಗೆ ಇಷ್ಟು ಅನ್ಯಾಯವನ್ನು ಬೇರೆ ಯಾವ ಕುಟುಂಬವೂ ಮಾಡಿರಲಾರದು.

"ಅಮ್ಮ ಎಪ್ಪತ್ತೆಂಟರವರೆಗೂ ಮಂಡಿಯೂರ್ತಿದ್ಳು," ಎಂದ ಕೊನೆಗೆ.

"ಕಡೇ ಹತ್ತು ವರ್ಷ ಅವಳಿಗೆ ಗೂನುಬೆನ್ನು, ಅಣ್ಣ."

"ಅದು ವಿನಯ ಕಣೇ!"

ನಸ್ಸಾಲಿ ಊರಿದ ಮಂಡಿಯಲ್ಲೇ ತುಸು ಸರಿದು ಕೂತಳು. "ಕುರ್ಚಿ ಮೇಲೆ ಕೂತು ವಂದಿಸಿದ್ರೆ ಆಗಲ್ವಾ?"

"ಸೋದರತ್ತೆ ಕುರ್ಚಿ ಮೇಲೆ! ಅತ್ತೆಯೇ ಹೀಗೆ, ಇನ್ನು ಹುಡುಗಿ ಹೇಗೋ ಅಂತ ಅವರು ಬಂದ ದಾರಿ ಹಿಡೀತಾರೆ. ದಪ್ಪ ದಿಂಬು ಹಾಕಿಸ್ತೀನಿ, ಆಯ್ತಾ? ಅದೂ ಆಗಲ್ಲ ಅಂದ್ರೆ ಹೇಳ್ಬಿಡು. ಚಿಕ್ಕಪ್ಪನ ಮಗಳನ್ನ ಕೂರಿಸ್ತೀನಿ."

ನಲುಲೆಗೆ ಎಳೆ ವಯಸ್ಸಿನಿಂದ ಮೊನ್ನೆ ಮೊನ್ನೆಯವರೆಗೆ, ಅಪ್ಪ ಕಿಟಕಿಯಾಚೆ ನೋಡುತ್ತಿದ್ದ ವಿಷಯಗಳನ್ನೆಲ್ಲ ಹೇಳಿಕೊಟ್ಟವಳು ನಸ್ಸಾಲಿ. ನಿಶ್ಚಿತಾರ್ಥದ ದಿನ ಅವಳ ಪಕ್ಕದಲ್ಲಿ ಬೇರೊಬ್ಬಳು!

"ಬೇಡ. ನಾನೇ ಮಾಡ್ತೀನಿ," ಎಂದು ಏಳಲು ಹೋದಳು. ಸೊಂಟದಲ್ಲಿ ಚಳಕು ಹೊಡೆದು ಮಂಡಿಯ ಮೇಲೇ ಉಳಿದುಬಿಟ್ಟಳು. "ಅಣ್ಣ, ಏಳಕ್ಕಾಗ್ತಿಲ್ಲ."

ಸೆಮಂಡ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ, ಮಗಳನ್ನು ಕೂಗಿದ. ಹೆಂಗಸರೆಲ್ಲ ದರ್ಜಿಯ ಅಂಗಡಿಗೆ ಹೋಗಿದ್ದರು. ವಿಧಿಯಿಲ್ಲದೆ ಎದ್ದುಬಂದು ಅವಳ ಕೈ ಹಿಡಿದೆಳೆದ.

"ಅಯ್ಯೋ, ಅದು ಹೋದ ವರ್ಷ ಮುರಿದ ಕೈ! ಎಳೀಬೇಡಿ. ಕೆಳಗೆ ಬಂದು ತೋಳು ಕೊಡಿ."

ಸೆಮಂಡ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಒಂದು ಮಂಡಿ ಊರಿದ. ಏದುಸಿರು ಬಿಡುತ್ತ ಇನ್ನೊಂದನ್ನೂ ಊರಿದ. ಆಗಲೇ ಬಾಗಿಲಲ್ಲಿ ಗಂಟಲು ಸರಿಪಡಿಸಿಕೊಂಡ ಸದ್ದಾಯಿತು. ಚಪ್ಪರದ ಜಾಗ ನೋಡಲು ಬಂದಿದ್ದ ಗಂಡಿನ ಕಡೆಯ ಹಿರಿಯ ಲುಬ್ವಾಮ, ಹಿಂದೆ ಇನ್ನಿಬ್ಬರು. ಹೆಂಗಸಿನ ಮುಂದೆ ಮಂಡಿಯೂರಿದ ಯಜಮಾನನನ್ನು ಮೂವರೂ ಅದೇ ಮೊದಲು ನೋಡುತ್ತಿದ್ದರು.

"ತಪ್ಪು ತಿಳೀಬೇಡಿ!" ಸೆಮಂಡ ಬೀದಿಗೆಲ್ಲ ಕೇಳುವಂತೆ ಕಿರುಚಿದ. "ಇವಳಿಗೆ ಮುಟ್ಟು ನಿಂತು ಎಂಟು ವರ್ಷ ಆಯ್ತು! ಮೂಳೆ ಎಲ್ಲ ಟೊಳ್ಳು! ಮಂಡಿಯೂರಲೇಬಾರದು ಅಂತ ಡಾಕ್ಟರ್ ಹೇಳಿದಾರೆ!"

ಲುಬ್ವಾಮ ಚಪ್ಪಲಿ ಬಿಟ್ಟು ಗಡಿಬಿಡಿಯಿಂದ ಒಳಗೆ ಬಂದ. "ಛೆ ಛೆ, ಹಾಗಿದ್ಮೇಲೆ ಶನಿವಾರ ಅತ್ತೆಯವರಿಗೆ ಕುರ್ಚಿ ಹಾಕಿಸಿ. ಎಲ್ಲಿ, ಕೈ ಕೊಡಿ ತಾಯಿ."

"ಮೊದಲು ಅಣ್ಣನ್ನ ಎಬ್ಬಿಸಿ," ಎಂದಳು ನಸ್ಸಾಲಿ. "ಅವರಿಗೆ ಅಭ್ಯಾಸ ಇಲ್ಲ."