ಅಳಿಸಿದ ದೃಷ್ಟಿಬೊಟ್ಟು

ಮಗುವಿನ ಕೆನ್ನೆಯ ದೃಷ್ಟಿಬೊಟ್ಟು ಅಳಿಸಿತ್ತು. ತಾಯಿ ಸರ್ವಮಂಗಳೆ ತೊಟ್ಟಿಲತ್ತ ಬಾಗಿ ನೋಡಿದಳು. ಯಾರೋ ಮುಟ್ಟಿದ್ದಾರೆ!

ಅಂಗೈ ತೋರಿದರೆ ಸಾಕು, ಚೊಂಬು, ಬಾಗಿಲು, ತೊಟ್ಟಿಲು ಎಲ್ಲವೂ ದೂರದಿಂದಲೇ ಅಲುಗುವ ಕಾಲವದು. ಮಗುವನ್ನು ಎತ್ತುವುದೂ ಕಾಡಿಗೆ ಇಡುವುದೂ ಹಾಗೆಯೇ. ಕೈ ತಾಗಿಸುವುದೆಂದರೆ ಎಲ್ಲರಿಗೂ ಹೇಸಿಗೆ.

“ದ್ಯಾವಮ್ಮ, ಬೆರಳು ತೋರ್ಸು,” ಎಂದು ಆಯಾಳನ್ನು ಗದರಿದಳು.

“ನಾನ್ಯಾಕ್ ಮುಟ್ಲಿ ಅಮ್ಮಾವ್ರೇ?”

ಬೆರಳುಗಳು ಶುಭ್ರವಾಗಿದ್ದವು. ತೊಳೆದುಕೊಂಡಿದ್ದಾಳೇನೋ ಎಂಬ ಅನುಮಾನ ಇನ್ನಷ್ಟು ಬಲವಾಯಿತು.

ಅಷ್ಟರಲ್ಲಿ ಗಂಡ ಬಂದು, ಎಂದೂ ಇಲ್ಲದೆ ಎಡಗೈ ತೋರಿ ಕಾಫಿ ಲೋಟವನ್ನು ಕರೆದ. ಬಲಗೈ ಬೆನ್ನ ಹಿಂದಿತ್ತು.

“ರೀ, ಆ ಕೈ ತೋರ್ಸಿ.”

ತೋರುಬೆರಳ ತುದಿ ಕಪ್ಪಗಿತ್ತು.

ಅವನು ತಲೆತಗ್ಗಿಸಿ ಪಿಸುಗುಟ್ಟಿದ: “ಎಷ್ಟು ಮೆತ್ತಗಿದೆ ಗೊತ್ತೇನೇ, ಕೆನ್ನೆ?”

ಸರ್ವಮಂಗಳೆ ದ್ಯಾವಮ್ಮನನ್ನು ಹೊರಗೆ ಕಳಿಸಿ, ಬಾಗಿಲ ಚಿಲಕವನ್ನು ಮೊದಲ ಬಾರಿಗೆ ಕೈಯಿಂದಲೇ ಹಾಕಿ, ತೊಟ್ಟಿಲ ಬಳಿ ಬಂದಳು.